ದನಿಯಿಲ್ಲದ ವಿಕ್ಟರ್ ಸರ್

ಹಲಸೂರಿನ ನಮ್ಮ ಕ್ವಾಯರನ್ನು ಅಷ್ಟು ವರ್ಷ ನಡೆಸಿದ ವಿಕ್ಟರ್ ಸರ್‌ಗೆ ಹಾಡಲು ದನಿಯೇ ಇರಲಿಲ್ಲ. ವಯಸ್ಸಿನಲ್ಲಿದ್ದಾಗ ಗಂಟಲಿಗೆ ಆದ ಒಂದು ಆಪರೇಷನ್ ಅವರಿಗೆ ಬರೀ ಪಿಸುಮಾತನ್ನು ಉಳಿಸಿಹೋಗಿತ್ತು. ಮರಕ್ಕೆ ಉಪ್ಪುಕಾಗದ ಉಜ್ಜಿದಂಥ ಸದ್ದು ಅದು. ಅವರು ಏನಾದರೂ ಹೇಳಬೇಕೆಂದು ಕೈ ಎತ್ತಿದರೆ ಯಾರಾದರೊಬ್ಬರು ಎದ್ದು ಫ್ಯಾನ್ ಆರಿಸುತ್ತಿದ್ದರು. ಬಸ್ಸುಗಳ ಗದ್ದಲ ಒಳಗೆ ಬರಬಾರದೆಂದು ರಸ್ತೆ ಕಡೆಯ ಕಿಟಕಿಗಳನ್ನು ಮೊದಲೇ ಮುಚ್ಚಿರುತ್ತಿದ್ದೆವು. ನಾವೆಲ್ಲ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದಾಗ ಅವರು ಒಂದು ಮಾತು ಹೇಳುತ್ತಿದ್ದರು. ನಾವು ಅಭ್ಯಾಸ ಮಾಡುತ್ತಿದ್ದ ಆ ಹಾಲ್‌ನಲ್ಲಿ ಜೋರಾಗಿ ಮಾತಾಡಿ ಯಾರೂ ಅಷ್ಟು ಮೌನವನ್ನು ಗಳಿಸಿದ್ದು ನಾನು ಕಾಣೆ.

ಪಿಸುಮಾತಿನಲ್ಲಿ ರಾಗ ಹೇಳಿಕೊಡಲಾಗುವುದಿಲ್ಲ. ಅದಕ್ಕೆ ಅವರ ಹೆಂಡತಿ ರೆಜಿನಾ ಆಂಟಿ ಇದ್ದರು. ಸರ್ ತಮ್ಮ ಟ್ಯೂನಿಂಗ್ ಫೋರ್ಕನ್ನು, ಆ ಎರಡು ಕವಲಿನ ಪುಟ್ಟ ಉಕ್ಕಿನ ಕಡ್ಡಿಯನ್ನು, ಮಂಡಿಗೆ ತಟ್ಟಿ ಆಂಟಿಯ ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಆಂಟಿ ಕಣ್ಣು ಮುಚ್ಚಿ ಕೇಳಿ, ಅದೇ ಶ್ರುತಿಯನ್ನು ನಮಗೆ ಹಾಡಿ ಕೊಡುತ್ತಿದ್ದರು. ಅವರು ಆಲ್ಟೊ, ಎಂದರೆ ಹೆಂಗಸರ ಕೆಳದನಿಯವರು. ಆದರೆ ಹೇಳಿಕೊಡುವಾಗ ಮೇಲಿನ ದನಿ, ಕೆಳದನಿ, ಗಂಡಸರ ದನಿ, ಎಲ್ಲವೂ ಅವರ ಗಂಟಲಿನಿಂದಲೇ ಬರಬೇಕಿತ್ತು. ಸರ್ ಆಂಟಿಯ ಕಿವಿಯಲ್ಲಿ ಏನೋ ಉಸುರುವರು, ಆಂಟಿ ಅದನ್ನು ಹಾಡುವರು. ಕೆಲವೊಮ್ಮೆ ಸರ್ ತಲೆ ಅಲ್ಲಾಡಿಸಿ, "ಅಪ್ಪಡಿ ಇಲ್ಲೆ" ಎನ್ನುವರು. ತಮಿಳಿನಲ್ಲಿ, ಹಾಗಲ್ಲ ಅಂತ. ಆಂಟಿ ನಮ್ಮ ಕಡೆ ತಿರುಗಿ, "ಇವರು ಹೇಳಿದ್ದು ಬೇರೆ ಥರ. ಆದ್ರೆ ಚೆನ್ನಾಗಿರೋದು ನಾನು ಹಾಡಿದ್ದೇ. ನೀವು ನಂದೇ ಹಾಡಿ" ಎನ್ನುವರು. ಸರ್ ನಕ್ಕರೆ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು.

ನಾನು ಆ ಹಾಲ್‌ಗೆ ಹೋದದ್ದು ಗೆಳತಿ ಶಾಂತಿಯ ಮೂಲಕ. ನನ್ನದು ವಿಮಾ ಕಚೇರಿಯ ಕೆಲಸ. ದಾವಣಗೆರೆಯಿಂದ ವರ್ಗವಾಗಿ ಬಂದು ಅಮ್ಮನ ಜೊತೆ ಇಂದಿರಾನಗರದ ಸ್ಟಾಫ್ ಕ್ವಾರ್ಟರ್ಸ್‌ನಲ್ಲಿದ್ದೆ. ಶಾಂತಿ ನನ್ನ ಪಕ್ಕದ ಟೇಬಲ್ಲಿನವಳು. ಊಟದ ಹೊತ್ತಿನಲ್ಲಿ ನಾನು ಗುನುಗುವುದನ್ನು ಕೇಳಿ, "ಶನಿವಾರ ಸಾಯಂಕಾಲ ನಮ್ ಕ್ವಾಯರ್‌ಗೆ ಬಾರೇ" ಎಂದಳು.

"ನಾನು ಚರ್ಚಿಗೆ ಹೋಗೋವ್ಳಲ್ಲ ಕಣೇ."

"ಚರ್ಚ್ ಹಾಡು ಹಾಡ್ತೀವಿ, ಬೇರೆದೂ ಹಾಡ್ತೀವಿ. ತಮಿಳು, ಕನ್ನಡ, ಇಂಗ್ಲಿಷು, ಎಲ್ಲಾ ಇದೆ. ನಮ್ ಸರ್ ಯಾರ್ ಬಂದ್ರೂ ಕಿವಿ ಇದ್ಯಾ ಅಂತ ಮಾತ್ರ ನೋಡ್ತಾರೆ."

ಹೋದೆ. ಚಿಕ್ಕಂದಿನಲ್ಲಿ ಸಂಗೀತದ ಮೇಷ್ಟ್ರ ಮುಂದೆ ಕೂತು ಕಲಿತವಳು ನಾನು. ಶಾಲೆಯ ಪ್ರಾರ್ಥನೆಯಿಂದ ಹಿಡಿದು ನೆಂಟರ ಮದುವೆಯವರೆಗೆ ಒಬ್ಬಳೇ ಹಾಡಿ ಚಪ್ಪಾಳೆ ಪಡೆದವಳು. ಮೊದಲ ದಿನವೇ ಎಲ್ಲರಿಗೂ ಕೇಳಲಿ ಎಂದು ದನಿ ತೆಗೆದು ಹಾಡಿದೆ. ವಿಕ್ಟರ್ ಸರ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ನನ್ನ ಹತ್ತಿರ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ಕಪ್ಪು ಬೂಟು, ಕಿವಿಯ ಹಿಂದೆ ಪೆನ್ಸಿಲ್ಲು.

"ಅಮ್ಮಾ, ನಿಮ್ಮ ದನಿ ಬಹಳ ಚೆನ್ನಾಗಿದೆ. ನೀವು ಹಾಡಿದ್ದು ಒಂದೊಂದು ಅಕ್ಷರನೂ ನಂಗೆ ಕೇಳಿಸ್ತು. ಅದೇ ತೊಂದ್ರೆ. ಇಲ್ಲಿ ಯಾರೊಬ್ರೂ ನಂಗೆ ಬೇರೆಯಾಗಿ ಕೇಳಿಸ್ಬಾರ್ದು."

ನನ್ನ ಮುಖ ಕೆಂಪಾಯಿತು. ಚೀಲ ಎತ್ತಿಕೊಂಡು ಹೊರಟುಬಿಡೋಣ ಎನ್ನಿಸಿತು. ರೆಜಿನಾ ಆಂಟಿ ಬಂದು ನನ್ನ ಮಣಿಕಟ್ಟು ಹಿಡಿದು ಆಲ್ಟೊ ಸಾಲಿಗೆ ಕರೆದುಕೊಂಡು ಹೋಗಿ ತಮ್ಮ ಪಕ್ಕ ನಿಲ್ಲಿಸಿಕೊಂಡರು. "ಕೋಪ ಮಾಡ್ಕೋಬೇಡ ಕಣ್ಣು" ಎಂದರು. ತಮಿಳಿನವರ ಆ 'ಕಣ್ಣು', ನಮ್ಮ 'ಪುಟ್ಟಿ' ಇದ್ದ ಹಾಗೆ. "ನಂಗೂ ಮೊದ್ಲನೇ ದಿನ ಹಿಂಗೇ ಅಂದಿದ್ರು. ಆಮೇಲೆ ಮದುವೆನೂ ಆದ್ರು."

ಆವತ್ತಿನಿಂದ ನನ್ನ ಜಾಗ ಅದೇ ಆಯಿತು. ಉಸಿರು ತೆಗೆದುಕೊಳ್ಳುವ ಕಡೆ ಆಂಟಿಯ ಮೊಣಕೈ ನನ್ನ ಪಕ್ಕೆಗೆ ಮೆಲ್ಲಗೆ ತಗಲುತ್ತಿತ್ತು. ಒಂದು ಶನಿವಾರ ಎಲ್ಲ ದನಿಗಳೂ ಕೂಡಿದ ಹೊತ್ತಿನಲ್ಲಿ ನನಗೆ ನನ್ನ ದನಿಯೇ ಸಿಗಲಿಲ್ಲ. ನಾನು ಹಾಡುತ್ತಿರುವುದು ಗೊತ್ತು, ಗಂಟಲು ನಡುಗುತ್ತಿರುವುದು ಗೊತ್ತು, ಆದರೆ ನನ್ನದು ಎಲ್ಲಿ ಮುಗಿಯಿತು, ಪಕ್ಕದವರದು ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಹೆದರಿ ಸರ್ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಹತ್ತಿರ ಬಂದು, "ಇವತ್ತು ನೀವು ಬಂದ್ರಿ, ಸುಮಿತ್ರಮ್ಮ" ಎಂದರು. ನಾನು ಬಂದು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಸರ್ ಅವರದು ಮೂರು ತಲೆಮಾರಿನಿಂದ ಕಂಟೋನ್ಮೆಂಟಿನ ಮನೆತನ. ತಾತ ಮಿಲಿಟರಿ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದರಂತೆ. ಸರ್ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದು ನಿವೃತ್ತರಾಗಿ ರಿಚರ್ಡ್ಸ್ ಟೌನಿನ ಹಳೆಯ ಮನೆಯೊಂದರ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಒಬ್ಬಳೇ ಮಗಳು ಗ್ರೇಸ್, ಶಾಲೆಯ ಟೀಚರ್, ಮದುವೆಯಾಗಿ ಕಮ್ಮನಹಳ್ಳಿಯಲ್ಲಿದ್ದಳು. ಹುಡುಗಿಯಾಗಿದ್ದಾಗ ಅವಳೂ ಕ್ವಾಯರಿನಲ್ಲಿ ಹಾಡಿದವಳೇ. ಆಮೇಲೆ ಸ್ಕೂಲು, ಮನೆ ಎಂದು ಬಿಟ್ಟಿದ್ದಳು.

ಗಂಡ ಹೆಂಡತಿ ಶನಿವಾರ ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಮೀನಿನ ಅಂಗಡಿಯ ಮುಂದೆ ಸರ್ ಬಗ್ಗಿ ನೋಡಿ ಆಂಟಿಯ ಕಿವಿಯಲ್ಲಿ ಏನೋ ಅಂದರು. ಆಂಟಿ ಸೊಂಟಕ್ಕೆ ಕೈಯಿಟ್ಟು, ಇದು ನಿನ್ನೆಯ ಮೀನು, ಇದರ ಕಣ್ಣು ನೋಡು, ಕಿವಿರು ನೋಡು ಎಂದು ದಖ್ಖನಿ ಉರ್ದುವಿನಲ್ಲಿ ಇಡೀ ಸಾಲಿಗೆ ಕೇಳುವಂತೆ ದಬಾಯಿಸಿದರು. ಅಂಗಡಿಯ ಸಾಬರು ಸಮಾಧಾನವಾಗಿ, "ಸಾಬ್ ತೋ ಕುಚ್ ಬೋಲೇಚ್ ನೈ, ಅಮ್ಮಾ. ಸಬ್ ತುಮೀಚ್ ಬೋಲ್ರೇಂ" ಎಂದರು. ಸಾಹೇಬರು ಏನೂ ಹೇಳಲೇ ಇಲ್ಲ, ಎಲ್ಲ ನೀವೇ ಹೇಳುತ್ತಿದ್ದೀರಿ ಎಂದು. ಸರ್ ಭುಜ ಕುಲುಕಿದ್ದು ಕುಲುಕಿದ್ದೇ. ದಾರಿಯುದ್ದಕ್ಕೂ ಆಂಟಿ, "ನಾನು ಸೇರಿಸ್ಕೊಂಡು ಹೇಳ್ತೀನಾ? ನೀನೇ ಹೇಳು ಕಣ್ಣು, ಸೇರಿಸ್ಕೊಂಡು ಹೇಳ್ತೀನಾ?" ಎಂದು ಕೇಳುತ್ತಿದ್ದರು. ಸೇರಿಸಿಕೊಂಡೇ ಹೇಳುತ್ತಿದ್ದರು. ಸರ್‌ಗೆ ಅದು ಬೇಕಾಗಿಯೇ ಇತ್ತು.

ನನ್ನ ಅಮ್ಮ ತೀರಿಕೊಂಡಾಗ ನಮ್ಮ ಕ್ವಾರ್ಟರ್ಸಿಗೆ ಇಡೀ ಕ್ವಾಯರ್ ಬಂತು. ಪುರೋಹಿತರು ಇನ್ನೂ ಬಂದಿರಲಿಲ್ಲ. ನೆಂಟರು ಜಗುಲಿಯ ತುಂಬ ಕೂತಿದ್ದರು. ಇವರೆಲ್ಲ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಂತರು. ನಾನು ಹೋದಾಗ ಸರ್ ಪಿಸುಗುಟ್ಟಿದರು: "ಸುಮಿತ್ರಮ್ಮ, ನಿಮ್ಮ ಕಡೆ ಹಾಡಬಹುದಾ ಗೊತ್ತಿಲ್ಲ. ಬೇಡ ಅಂದ್ರೆ ಸುಮ್ನೆ ನಿಂತ್ಕೊಂಡಿದ್ದು ಹೋಗ್ತೀವಿ." ನಾನು ಸೋದರಮಾವನ ಮುಖ ನೋಡಿದೆ. ಅವರು ಕಣ್ಣೊರೆಸಿಕೊಂಡು, "ಹಾಡ್ಲಿ ಬಿಡಮ್ಮ" ಎಂದರು.

ಅವರು ಯಾವ ದೇವರ ಹೆಸರನ್ನೂ ಎತ್ತಲಿಲ್ಲ. ಪದವೇ ಇಲ್ಲದೆ ಬರೀ ಅಕಾರದಲ್ಲಿ ಹಾಡಿದರು. ನಾಲ್ಕು ದನಿಗಳು ಮೆಲ್ಲಗೆ ಒಂದರ ಮೇಲೊಂದು ಏರಿ, ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಇಳಿದವು. ಮತ್ತೆ ಅಮ್ಮನ ಪಕ್ಕ ಹೋಗಿ ಕೂತಿದ್ದ ನನಗೆ ಬೆಳಗಿನಿಂದ ಬಾರದ ಅಳು ಆಗ ಬಂತು. ಹೋಗುವಾಗ ಆಂಟಿ ನನ್ನ ತಲೆ ಸವರಿ, "ಹಾಡಿಲ್ದೆ ಯಾರನ್ನೂ ಕಳಿಸ್ಬಾರ್ದು ಕಣ್ಣು. ಒಂಟಿಯಾಗಿ ಹೋದಂಗಾಗತ್ತೆ" ಎಂದರು. ಹಲಸೂರಿನಿಂದ ಫ್ರೇಜರ್ ಟೌನಿನವರೆಗೆ ಎಷ್ಟು ಸಾವಿನ ಮನೆಗಳಲ್ಲಿ ಅವರು ಹಾಡಿದ್ದರೋ, ಅವರಿಗೇ ನೆನಪಿರಲಿಲ್ಲ.

ಕೊರೋನಾದ ಮೊದಲ ವರ್ಷ ಹಾಲ್‌ಗೆ ಬೀಗ ಬಿತ್ತು. ಶನಿವಾರ ಬಂದರೆ ಕೈಕಾಲು ಆಡುತ್ತಿರಲಿಲ್ಲ. ಫೋನಿನಲ್ಲಿ ಎಲ್ಲರೂ ಒಟ್ಟಿಗೆ ಹಾಡಲು ನೋಡಿದೆವು. ಒಬ್ಬರ ದನಿ ಮುಂದೆ, ಒಬ್ಬರದು ಹಿಂದೆ ಬಂದು ಬರೀ ಗಲಾಟೆಯಾಯಿತು. ಮುಂದಿನ ವರ್ಷ ಸ್ವಲ್ಪ ಸಡಿಲವಾಗಿ, ಚರ್ಚುಗಳು ತೆರೆದವು. ಈಸ್ಟರ್ ಹತ್ತಿರ ಬರುತ್ತಿತ್ತು. ಮತ್ತೆ ಸೇರೋಣವೇ ಎಂದು ಎಲ್ಲರೂ ಸರ್‌ಗೆ ದುಂಬಾಲುಬಿದ್ದೆವು. ಅವರಿಗೂ ಅಷ್ಟೇ ಆಸೆಯಿತ್ತು. ಗ್ರೇಸ್ ಮಾತ್ರ ಬೇಡವೆಂದಿದ್ದಳು. ಆಂಟಿಗೆ ಸಕ್ಕರೆ ಕಾಯಿಲೆಯಿತ್ತು. "ಡ್ಯಾಡಿ ಬೇಕಾದ್ರೆ ಹೋಗ್ಲಿ, ನೀನು ಹೋಗ್ಬೇಡ ಮಮ್ಮಿ" ಎಂದು ಫೋನಿನಲ್ಲಿ ಜಗಳವನ್ನೇ ಆಡಿದ್ದಳಂತೆ. "ನಾನ್ ಹೋಗ್ದಿದ್ರೆ ಇವರ ಮಾತು ಯಾರು ಹಾಡ್ತಾರೆ?" ಎಂದು ಆಂಟಿ ಕೇಳಿದ್ದರು.

ಮತ್ತೆ ಸೇರಿದ ಆ ಶನಿವಾರ ಎಷ್ಟು ದಿನದ ಮೇಲೆ ಎಲ್ಲರ ಮುಖ ನೋಡಿದ ಖುಷಿ! ಮೊದಮೊದಲು ಮಾಸ್ಕ್ ಹಾಕಿಕೊಂಡೇ ಹಾಡಿದೆವು. ದಿಂಬಿಗೆ ಬಾಯಿ ಒತ್ತಿ ಕೂಗಿದ ಹಾಗಿತ್ತು. ಒಬ್ಬೊಬ್ಬರಾಗಿ ಕೆಳಗಿಳಿಸಿಕೊಂಡೆವು. ಕಿಟಕಿಗಳು ತೆರೆದೇ ಇದ್ದವು, ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಸರ್ ಎರಡು ಮೂರು ಸಲ ಏನೋ ಹೇಳಿದರು, ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಆಗ ಅವರು ಕಿಟಕಿಯ ಕಡೆ ಕೈ ತೋರಿಸಿದರು. ನಾವು ಯಾವಾಗಲೂ ಮಾಡುತ್ತಿದ್ದ ಹಾಗೆ ಎದ್ದು ಹೋಗಿ ಮುಚ್ಚಿದೆವು.

ವಾರದೊಳಗೆ ಅರ್ಧ ಕ್ವಾಯರ್ ಮಲಗಿತ್ತು. ಶಾಂತಿ, ನಾನು, ಬೇಸ್ ಸಾಲಿನ ಕೆಳದನಿಯ ಗಂಡಸರು ಪೂರ್ತಿ. ಸರ್ ಮತ್ತು ಆಂಟಿಗೂ ಬಂತು. ಅಷ್ಟರಲ್ಲಿ ಊರಿಗೆ ಊರೇ ಕೆಮ್ಮುತ್ತಿತ್ತು. ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲ, ಆಕ್ಸಿಜನ್ ಇಲ್ಲ ಎಂಬ ಸುದ್ದಿ ಬರತೊಡಗಿತ್ತು.

ಒಂದು ಬೆಳಿಗ್ಗೆ ನನ್ನ ಫೋನ್ ರಿಂಗಾಯಿತು. ಹೆಸರು ನೋಡದೆ ಎತ್ತಿದರೆ ಯಾರ ದನಿಯೂ ಇಲ್ಲ. ಉಜ್ಜಿದಂಥ, ಎಳೆದಂಥ ಸದ್ದು ಮಾತ್ರ. ಇಡುವುದರಲ್ಲಿದ್ದೆ, ಥಟ್ಟನೆ ಹೊಳೆಯಿತು. ವಿಕ್ಟರ್ ಸರ್ ಯಾವತ್ತೂ ಫೋನಿನಲ್ಲಿ ಮಾತಾಡಿದವರಲ್ಲ, ಮೆಸೇಜ್ ಕಳಿಸಲೂ ಅವರಿಗೆ ಬಾರದು. ಅವರ ಪರವಾಗಿ ಮಾತಾಡುತ್ತಿದ್ದವರು ಆಂಟಿ.

"ಸರ್, ನೀವಾ? ಹೌದಾದ್ರೆ ಫೋನ್ ತಟ್ಟಿ."

ಟಕ್ ಎಂದು ಸದ್ದಾಯಿತು.

"ಆಂಟಿಗೆ ಜಾಸ್ತಿಯಾಗಿದ್ಯಾ?"

ಟಕ್ ಟಕ್ ಟಕ್. ಪೆನ್ಸಿಲ್ಲಿನಿಂದ ಇರಬೇಕು. ನಿಲ್ಲಿಸಲೇ ಇಲ್ಲ.

ಆಮೇಲೆ ಗೊತ್ತಾಯಿತು. ಅವರು ಆಂಬುಲೆನ್ಸಿಗೆ, ಸಹಾಯವಾಣಿಗೆ, ಆಸ್ಪತ್ರೆಗಳಿಗೆ ಬೆಳಕು ಹರಿದಾಗಿನಿಂದ ಫೋನ್ ಮಾಡುತ್ತಿದ್ದರು. ಆ ಕಡೆಯವರು "ಹಲೋ, ಹಲೋ, ಕೇಳಿಸ್ತಿಲ್ಲ" ಎಂದು ಇಟ್ಟುಬಿಡುತ್ತಿದ್ದರು. ಅವರ ತಪ್ಪೇನಿಲ್ಲ, ಸಾವಿರ ಜನ ಕೂಗುತ್ತಿದ್ದ ಹೊತ್ತಿನಲ್ಲಿ ಪಿಸುಗುಟ್ಟುವವರನ್ನು ಯಾರು ಕೇಳುತ್ತಾರೆ? ಗ್ರೇಸ್‌ಗೆ ಮಾಡಿದರೆ ಅವಳ ಫೋನ್ ಬಿಡುವೇ ಇಲ್ಲ. ಅವಳೂ ಅಮ್ಮನಿಗಾಗಿ ಹಾಸಿಗೆ ಹುಡುಕಿಕೊಂಡು ಊರಿನ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡುತ್ತಿದ್ದಳು.

ನನಗೆ ಮಂಚದಿಂದ ಏಳಲಾಗುತ್ತಿರಲಿಲ್ಲ. ಅಂತೋಣಿಗೆ ಫೋನ್ ಮಾಡಿದೆ. ಅಂತೋಣಿ ನಮ್ಮ ಟೆನರ್, ಎಂದರೆ ಗಂಡಸರ ಮೇಲ್ದನಿಯವನು. ಶಿವಾಜಿನಗರ ಬಸ್ ಸ್ಟ್ಯಾಂಡಿನ ಕಡೆ ಆಟೋ ಓಡಿಸುತ್ತಾನೆ. ಆ ಶನಿವಾರ ಬಾಡಿಗೆ ಸಿಕ್ಕಿ ಬಂದಿರಲಿಲ್ಲವಾದ್ದರಿಂದ ಅವನೊಬ್ಬ ನೆಟ್ಟಗಿದ್ದ. "ಮನೇಲಿ ಚಿಕ್ಕ ಮಕ್ಳಿದಾರೆ ಮೇಡಮ್..." ಎಂದ. ಆಮೇಲೆ ತಾನೇ, "ಹೋಗ್ತಿದೀನಿ" ಎಂದು ಫೋನಿಟ್ಟ. ಆಂಟಿಯನ್ನು ಎತ್ತಿ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ. ಮಧ್ಯಾಹ್ನದ ಹೊತ್ತಿಗೆ ಗ್ರೇಸ್ ಒಂದು ಕಡೆ ಹಾಸಿಗೆ ಗೊತ್ತುಮಾಡಿದಳು. ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿಸುವಾಗ ಆಂಟಿ ಅಂತೋಣಿಯ ತೋಳು ಹಿಡಿದು, "ಅವರು ಊಟ ಮಾಡಿಲ್ಲ" ಎಂದರಂತೆ. ಹೊರಗಿನವರಿಗೆ ಅವರು ಆಡಿದ ಕೊನೆಯ ಮಾತು ಅದು.

ಕೆಲವು ದಿನಗಳ ಮೇಲೆ ಆಂಟಿ ಹೋದರು.

ಸಿಮಿಟ್ರಿಗೆ ಗ್ರೇಸ್ ಒಬ್ಬಳೇ ಹೋದಳು. ಗಂಡನಿಗೂ ಜ್ವರವಿತ್ತು. ಸರ್ ಮನೆಯಿಂದ ಹೊರಬರುವ ಹಾಗಿರಲಿಲ್ಲ. ಮೈತುಂಬ ಬಿಳಿ ಬಟ್ಟೆ ಹಾಕಿಕೊಂಡ ನಾಲ್ಕು ಜನ ಆಂಟಿಯನ್ನು ಹಗ್ಗ ಕಟ್ಟಿ ಇಳಿಸಿದರು. ಪಾದ್ರಿಗಳು ದೂರದಿಂದ ಗಡಿಬಿಡಿಯಲ್ಲಿ ಪ್ರಾರ್ಥನೆ ಹೇಳಿದರು, ಹಿಂದೆ ಇನ್ನೂ ಆಂಬುಲೆನ್ಸುಗಳು ಕಾಯುತ್ತಿದ್ದವು. ಯಾರೂ ಹಾಡಲಿಲ್ಲ. ಅಂತೋಣಿ ಆಟೋ ತಂದು ಗೇಟಿನ ಹೊರಗೆ ನಿಂತಿದ್ದ. ಆಮೇಲೆ ನನ್ನ ಹತ್ತಿರ ಹೇಳಿಕೊಂಡು ಅತ್ತ.

"ಹಾಡೋಣ ಅಂತ ಬಾಯಿ ತೆಗ್ದೆ ಮೇಡಮ್. ಬರ್ಲೇ ಇಲ್ಲ. ಪಕ್ದಲ್ಲಿ ಯಾರೂ ಇಲ್ವಲ್ಲ. ಒಬ್ನೇ ಹಾಡೋದು ನಾನು ಯಾವತ್ತು ಕಲ್ತಿದ್ದೆ?"

ಓಡಾಟ ಶುರುವಾದ ಮೇಲೆ ನಾನು ರಿಚರ್ಡ್ಸ್ ಟೌನಿನ ಮನೆಗೆ ಹೋದೆ. ಸರ್ ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದರು. ಕಾಲಲ್ಲಿ ಹವಾಯಿ ಚಪ್ಪಲಿ. ಅವರು ಚಪ್ಪಲಿ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಡ್ಡ ಬೆಳೆದಿತ್ತು. ನಾನು ಎರಡು ಮೆಟ್ಟಿಲು ಕೆಳಗೆ ಕೂತೆ.

"ಕಿಟಕಿ ಮುಚ್ಚಿ ಅಂದೋನು ನಾನು" ಎಂದರು.

"ಸರ್, ಯಾರಿಂದ ಬಂತು, ಎಲ್ಲಿಂದ ಬಂತು ಯಾರಿಗೆ ಗೊತ್ತು? ನಾವೆಲ್ಲ ಬಸ್ಸಲ್ಲಿ ಬಂದಿದ್ವಿ. ಆಂಟಿ ಮಾರ್ಕೆಟ್ಟಿಗೆ ಹೋಗಿದ್ರು. ಸೇರೋಣ ಅಂತ ದುಂಬಾಲುಬಿದ್ದೋರು ನಾವು. ಮುಚ್ಚಿದ್ದೂ ನಾವೇ ಅಲ್ವಾ?"

ಅವರು ನನ್ನ ಕಡೆ ನೋಡಲಿಲ್ಲ. "ನಂಗೆ ದನಿ ಇದ್ದಿದ್ರೆ ಕಿಟಕಿ ತೆಗ್ದೇ ಇರ್ತಿತ್ತು, ಸುಮಿತ್ರಮ್ಮ. ಫೋನಲ್ಲೂ ಮಾತಾಡ್ಬಹುದಿತ್ತು." ಗಂಟಲ ಮೇಲೆ ಕೈಯಿಟ್ಟು, "ಇಷ್ಟು ವರ್ಷ ಈ ಗಂಟ್ಲು ನಂಗೆ ಒಂದು ಕೊರತೆ ಅಂತ ಅನ್ನಿಸಿರ್ಲಿಲ್ಲ. ಅವಳು ಅನ್ನಿಸೋಕೇ ಬಿಟ್ಟಿರ್ಲಿಲ್ಲ" ಎಂದರು.

ನಾನು ಎದ್ದು ಒಳಗಿಂದ ಅವರಿಗೆ ಒಂದು ಲೋಟ ನೀರು ತಂದೆ.

ಗ್ರೇಸ್ ಅಪ್ಪನಿಗೆ ಊಟ ತಂದುಕೊಡುತ್ತಿದ್ದಳು, ಬಟ್ಟೆ ಒಗೆದುಹಾಕುತ್ತಿದ್ದಳು. ಆದರೆ ಅಮ್ಮನ ಮಾತು ಮಾತ್ರ ಅವರಿಬ್ಬರ ನಡುವೆ ಬರುತ್ತಿರಲಿಲ್ಲ. ಒಂದು ದಿನ ಗೇಟಿನ ಹತ್ತಿರ ನನ್ನೊಡನೆ, "ನಾನು ಬೇಡ ಅಂದಿದ್ದೆ ಆಂಟಿ" ಎಂದಳು. "ಡ್ಯಾಡಿ ಒಂದ್ಸಲ 'ನೀನಿರು, ಬರಬೇಡ' ಅಂದಿದ್ರೆ ಸಾಕಿತ್ತು. ಮಮ್ಮಿ ಕೇಳ್ತಿದ್ರು. ಅವರು ಅನ್ಲಿಲ್ಲ." ಹೇಳುವಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. ಮನೆಯಲ್ಲಿ ರೇಡಿಯೋ ಹಾಕುವುದನ್ನೂ ಬಿಟ್ಟಿದ್ದಳು. ಚರ್ಚಿನಲ್ಲಿ ಎಲ್ಲರೂ ಹಾಡುವಾಗ ಬಾಯಿ ಮುಚ್ಚಿ ನಿಲ್ಲುತ್ತಿದ್ದಳು.

ಮುಂದಿನ ವರ್ಷ ಹಾಲ್ ಮತ್ತೆ ತೆರೆಯಿತು. ಸರ್ ಬರುವುದಿಲ್ಲವೆಂದು ಎಷ್ಟೋ ಸಲ ಹೇಳಿ ಕಳಿಸಿದರು. ಶಾಂತಿ ಹೋಗಿ ಅತ್ತು ಬಂದಳು. ಕೊನೆಗೆ ಅಂತೋಣಿ ಹೇಳದೆ ಕೇಳದೆ ಆಟೋ ತಂದು ಅವರ ಮನೆಯ ಮುಂದೆ ನಿಲ್ಲಿಸಿದ. "ಒಂದೇ ಒಂದ್ಸಲ ಸರ್. ನಿಮ್ಗೆ ಬೇಡ ಅನ್ಸಿದ್ರೆ ವಾಪಸ್ ಬಿಟ್ಬಿಡ್ತೀನಿ" ಎಂದ. ಬಂದರು.

ಕಿಟಕಿಗಳನ್ನೆಲ್ಲ ಅಗಲವಾಗಿ ತೆರೆದಿದ್ದೆವು. ಸರ್ ಮುಂದೆ ನಿಂತರು. ಅಂಗಿ ದೊಗಳೆಯಾಗಿತ್ತು. ಜೇಬಿನಿಂದ ಟ್ಯೂನಿಂಗ್ ಫೋರ್ಕ್ ತೆಗೆದು ಮಂಡಿಗೆ ತಟ್ಟಿ, ಎಡಗಡೆಗೆ, ಆಂಟಿ ನಿಲ್ಲುತ್ತಿದ್ದ ಕಡೆಗೆ ಕೈ ಚಾಚಿದರು. ಚಾಚಿದ ಮೇಲೆ ಅವರಿಗೆ ತಿಳಿಯಿತು. ಕೈ ಅಲ್ಲೇ ನಿಂತಿತು. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು.

ನಾನು ಆಲ್ಟೊ ಸಾಲಿನಿಂದ ಎದ್ದು ಹೋಗಿ ಆ ಜಾಗದಲ್ಲಿ ನಿಂತೆ. ಆ ಉಕ್ಕಿನ ನಡುಕ ನನ್ನ ಕಿವಿಗೆ ಬಂತು, ನಾನು ಶ್ರುತಿ ಕೊಟ್ಟೆ. ಎಲ್ಲರೂ ಹಿಡಿದರು. ಒಂದು ಹಾಡು ಪೂರ್ತಿಯಾಯಿತು. ನಡುವೆ ಸರ್ ಏನೋ ಹೇಳಿದರು. ಗದ್ದಲದಲ್ಲಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಊಹಿಸಿಕೊಂಡು ಹಾಡಿ ತೋರಿಸಿದೆ. ಅವರು "ಅಪ್ಪಡಿ ಇಲ್ಲೆ" ಎನ್ನಲಿಲ್ಲ. "ಚೆನ್ನಾಗಿದೆ, ಚೆನ್ನಾಗಿದೆ" ಎಂದರು. ತಪ್ಪು ಹಾಡಿದೆನೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ತಿದ್ದುವ ಆಸೆಯೇ ಅವರಲ್ಲಿ ಉಳಿದಿರಲಿಲ್ಲ.

ಹಾಡು ಮುಗಿದ ಮೇಲೆ ಅಂತೋಣಿ ಮುಂದೆ ಬಂದು, "ಸರ್, ಎಲ್ರೂ ಸೇರಿ ಆಂಟಿ ಹತ್ರ ಹೋಗೋಣ. ಅವತ್ತು ಹಾಡ್ಲಿಲ್ಲ. ಈಗ್ಲಾದ್ರೂ ಹಾಡಿ ಬರೋಣ" ಎಂದ. ಸರ್ ಅವನ ಭುಜದ ಮೇಲೆ ಕೈಯಿಟ್ಟರು. "ಹೋಗಿ ಹಾಡಿ ಬನ್ನಿ. ನನ್ನ ಕರೀಬೇಡಿ" ಎಂದರು. ಆಮೇಲೆ ಶಾಂತಿಯ ಕಡೆ ತಿರುಗಿ, ಇನ್ನು ಮೇಲೆ ನೀನೇ ನಡೆಸಮ್ಮ ಎಂದು ಹೇಳಿ, ಬಾಗಿಲವರೆಗೆ ಹೋಗಿ, ತಿರುಗಿ ಎಲ್ಲರಿಗೂ ಕೈಮುಗಿದರು.

ನಾವು ಹೋಗಿ ಹಾಡಿದೆವು. ಸರಿಯಾಗಿಯೇ ಹಾಡಿದೆವು. ಆದರೂ ಅವತ್ತಿನ ಬಾಕಿ ತೀರಿತೆಂದು ಯಾರಿಗೂ ಅನ್ನಿಸಲಿಲ್ಲ.

ಸರ್ ಆರೋಗ್ಯ ಕೆಡುತ್ತಾ ಬಂತು. ಎದೆಯ ತೊಂದರೆ ಎಂದರು ಡಾಕ್ಟರು. ಗ್ರೇಸ್ ಅವರನ್ನು ಕಮ್ಮನಹಳ್ಳಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಮೇನ್ ರೋಡಿನ ಗಲಾಟೆಯಿಂದ ಒಂದು ಓಣಿ ಒಳಗೆ, ಎರಡನೇ ಮಹಡಿ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅವರ ಮಂಚ. ನಾನು ಆಗಾಗ ಹೋಗಿ ಕೂತು ಬರುತ್ತಿದ್ದೆ. ಕ್ವಾಯರಿನ ಸುದ್ದಿ ಹೇಳುತ್ತಿದ್ದೆ: ಯಾರು ಹೊಸದಾಗಿ ಸೇರಿದರು, ಬೇಸ್ ಸಾಲಿನವರು ಹೇಗೆ ಎಳೆಯುತ್ತಾರೆ, ಶಾಂತಿ ಹೇಗೆ ರೇಗುತ್ತಾಳೆ. ಅವರು ಕೇಳಿಸಿಕೊಳ್ಳುತ್ತಿದ್ದರು, ತಾವಾಗಿ ಏನೂ ವಿಚಾರಿಸುತ್ತಿರಲಿಲ್ಲ. ಹೆಚ್ಚಿನ ಹೊತ್ತು ಗೋಡೆಯ ಕಡೆ ಮುಖ ಮಾಡಿಯೇ ಮಲಗಿರುತ್ತಿದ್ದರು. ಅಪ್ಪ ಮಗಳ ನಡುವೆ ಮಾತ್ರೆ, ಊಟ, ಬಿಸಿನೀರು, ಇಷ್ಟೇ ಮಾತು.

ಕೊನೆಯ ಸಲ ನಾನು ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಗ್ರೇಸ್ ಬಾಗಿಲು ತೆರೆದು, "ಕೂತಿರಿ ಆಂಟಿ, ಕಾಫಿ ತರ್ತೀನಿ" ಎಂದು ಅಡುಗೆಮನೆಗೆ ಹೋದಳು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಸರ್ ಕಣ್ಣು ತೆರೆದು ನೋಡಿ ತಲೆಯಾಡಿಸಿದರು. ನಾನು ಮಾತು ಶುರುಮಾಡಿದೆ. ಅವರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದರು.

ಅಡುಗೆಮನೆಯಲ್ಲಿ ಹಾಲು ಕಾಯುತ್ತಿತ್ತು, ಲೋಟಗಳ ಸದ್ದಿತ್ತು. ಅದರ ನಡುವೆ ಗ್ರೇಸ್ ಗುನುಗುತ್ತಿದ್ದಳು. ತಾನು ಗುನುಗುತ್ತಿದ್ದೇನೆಂದು ಅವಳಿಗೆ ಗೊತ್ತಿದ್ದ ಹಾಗಿರಲಿಲ್ಲ. ಒಂದು ಸಾಲು ಬಂದು, ನಿಂತು, ಡಬ್ಬಿ ತೆಗೆದ ಸದ್ದಾಗಿ, ಮತ್ತೆ ಮುಂದುವರಿಯುತ್ತಿತ್ತು. ಮೊದಲು ನನಗೆ ಯಾವ ಹಾಡೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಎಲ್ಲರೂ ಬಲ್ಲ ಮೇಲಿನ ರಾಗವನ್ನಲ್ಲ, ಅದರ ಕೆಳಗಿನ ದನಿಯನ್ನು ಅವಳು ಹಿಡಿದಿದ್ದಳು. ಕ್ವಾಯರಿನಲ್ಲಿ ನಿಂತು ಕಲಿಯದವರಿಗೆ ಆ ದನಿ ಬರುವುದಿಲ್ಲ. ಎಳೆಯುವ ಕಡೆ ಎಳೆದು, ತಡೆಯುವ ಕಡೆ ತಡೆದು, ಆಂಟಿ ಹಾಡುತ್ತಿದ್ದ ಹಾಗೆಯೇ ಇತ್ತು.

ನಾನು ಸರ್ ಕಡೆ ನೋಡಿದೆ. ಹೊದಿಕೆಯ ಮೇಲಿದ್ದ ಅವರ ಬಲಗೈ ಮೆಲ್ಲಗೆ ಎದ್ದಿತ್ತು. ಮಣಿಕಟ್ಟು ಮಾತ್ರ ಆಡುತ್ತಿತ್ತು. ಸಾಲು ಮುಗಿಯುವ ಕಡೆ ಬೆರಳುಗಳು ಮಡಚಿಕೊಳ್ಳುತ್ತಿದ್ದವು, ಅವಳು ಉಸಿರು ತೆಗೆದುಕೊಳ್ಳುವ ಕಡೆ ಕೈ ಕಾಯುತ್ತಿತ್ತು. ಒಂದು ಕಡೆ ಅವಳು ಅವಸರಪಟ್ಟಳು. ಸರ್ ಅಂಗೈ ಕೆಳಮುಖ ಮಾಡಿ, ನಿಧಾನ, ನಿಧಾನ ಎಂದು ತೋರಿಸಿದರು. ಗೋಡೆಯಾಚೆ ಇದ್ದವಳಿಗೆ ಅದು ಹೇಗೆ ಕಾಣಬೇಕು? ಅವರ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಾಗಿರಲಿಲ್ಲ.

ಗ್ಯಾಸ್ ಆರಿಸಿದ ಸದ್ದಾಯಿತು. ಹಾಡು ನಿಂತಿತು. ಹೆಜ್ಜೆಯ ಸದ್ದು ಹತ್ತಿರ ಬರುವ ಮೊದಲು ಸರ್ ನನ್ನ ಕಡೆ ಮುಖ ತಿರುಗಿಸಿ, ತುಟಿಯಷ್ಟೇ ಆಡಿಸಿದಂತೆ, "ಹೇಳ್ಬೇಡಿ ಸುಮಿತ್ರಮ್ಮ. ಹೇಳಿದ್ರೆ ನಿಲ್ಲಿಸ್ಬಿಡ್ತಾಳೆ" ಎಂದರು.

ಗ್ರೇಸ್ ಕಾಫಿ ತಂದಳು. "ಡ್ಯಾಡಿ ಕಣ್ಣಲ್ಲಿ ನೀರು ಬರ್ತಿದೆ, ಫ್ಯಾನ್ ಗಾಳಿ ಜಾಸ್ತಿಯಾಯ್ತೇನೋ" ಎಂದು ಫ್ಯಾನ್ ಕಡಿಮೆ ಮಾಡಿದಳು. ಸೆರಗಿನ ತುದಿಯಿಂದ ಅವರ ಕಣ್ಣೊರೆಸಿದಳು. ಅವರು ಸುಮ್ಮನೆ ಒರೆಸಿಸಿಕೊಂಡರು.

ಕೆಲವು ವಾರಗಳ ಮೇಲೆ ವಿಕ್ಟರ್ ಸರ್ ನಿದ್ದೆಯಲ್ಲೇ ಹೋದರು. ಸಿಮಿಟ್ರಿಯಲ್ಲಿ ಇಡೀ ಕ್ವಾಯರ್ ನಿಂತು ಹಾಡಿತು. ಬಿಟ್ಟುಹೋಗಿದ್ದ ಹಳಬರೂ ಬಂದಿದ್ದರು. ಗ್ರೇಸ್ ಗಂಡನ ಪಕ್ಕ ತುಟಿ ಬಿಗಿದು ನಿಂತಿದ್ದಳು.

ಆಮೇಲೊಂದು ದಿನ ನಾನು ಕಮ್ಮನಹಳ್ಳಿಗೆ ಹೋದೆ. ಮಂಚ ತೆಗೆದುಹಾಕಿ ಆ ಕೋಣೆಯಲ್ಲಿ ಮಕ್ಕಳ ಓದುವ ಮೇಜು ಇಟ್ಟಿದ್ದರು. ಗ್ರೇಸ್ ನನ್ನನ್ನು ಅಲ್ಲೇ ಕೂರಿಸಿ, ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋದಳು. ಹಾಲಿನ ಪಾತ್ರೆ ಇಟ್ಟ ಸದ್ದು, ಲೈಟರ್ ಒತ್ತಿದ ಸದ್ದು, ಲೋಟ ತೊಳೆದ ಸದ್ದು. ನಾನು ಉಸಿರು ಬಿಗಿಹಿಡಿದು ಕಾಯುತ್ತಾ ಕೂತೆ. ಹಾಲು ಉಕ್ಕಿತು, ಅವಳು ಗ್ಯಾಸ್ ಆರಿಸಿದಳು. ಬೇರೇನೂ ಕೇಳಿಸಲಿಲ್ಲ.